ಸುಮ್ಮನೆ ಕೂರಲಾಗದ ಹೊತ್ತಿನಲ್ಲಿ

ಜ್ವರದಿಂದ ಸೋತುಹೋದ ಮಗುವನ್ನು ಎಮರ್ಜೆನ್ಸಿಗೆ ತಂದಾಗ ನುರಿತ ನರ್ಸ್ ಮೊದಲು ಹಿಡಿಯುವುದು ಅದರ ಬೆರಳನ್ನು. ಉಗುರನ್ನು ಕೆಲವು ಸೆಕೆಂಡು ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬಿಳಿಚಿಕೊಂಡು, ಕೈ ತೆಗೆದ ಮೇಲೆ ಮತ್ತೆ ಕೆಂಪೇರುತ್ತದೆ. ಆರೋಗ್ಯವಾಗಿರುವ ಮಗುವಿನಲ್ಲಿ ಇದೆಲ್ಲ ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ. ಮೂರು ಸೆಕೆಂಡಾದರೂ ಬಣ್ಣ ಮರಳದಿದ್ದರೆ, ಮಂಡಿ ಬಿಸಿಯಿದ್ದು ಪಾದ ತಣ್ಣಗಿದ್ದರೆ, ಮಣಿಕಟ್ಟಿನ ನಾಡಿ ಬೆರಳಿಗೆ ಸರಿಯಾಗಿ ಸಿಗದಿದ್ದರೆ, ರಕ್ತ ಕೈಕಾಲಿನ ತುದಿಯವರೆಗೆ ಹೋಗುತ್ತಿಲ್ಲವೆಂದು ಅರ್ಥ. ಸೋಂಕು ತೀವ್ರವಾಗಿ, ನಂಜು ಮೈಯೆಲ್ಲ ಏರಿದಾಗ ಹೀಗಾಗುತ್ತದೆ.

ಆಗ ಏನು ಮಾಡಬೇಕು? ರಕ್ತನಾಳಕ್ಕೆ ಬೇಗಬೇಗ ದ್ರವ ತುಂಬಿಸಿ ಎಂದು ಪಠ್ಯಪುಸ್ತಕಗಳು ದಶಕಗಳಿಂದ ಹೇಳುತ್ತಾ ಬಂದಿದ್ದವು. ಹತ್ತು ಕಿಲೋ ತೂಕದ ಮಗುವಿಗೆ ಒಂದು ಗಂಟೆಯೊಳಗೆ 200ರಿಂದ 400 ಮಿಲಿಲೀಟರ್ ಸಲೈನ್ ಅಥವಾ ಆಲ್ಬುಮಿನ್ ಎಂಬ ಪ್ರೋಟೀನ್‌ನ ದ್ರಾವಣ. ವೈದ್ಯರು ಇದನ್ನು ಬೋಲಸ್ ಎನ್ನುತ್ತಾರೆ. ತರ್ಕವೂ ಸರಿಯಾಗಿಯೇ ಕಾಣುತ್ತದೆ. ರಕ್ತನಾಳಗಳು ಸಡಿಲಗೊಂಡಿವೆ, ಒಳಗಿನ ದ್ರವ ಹೊರಗೆ ಸೋರುತ್ತಿದೆ, ಒತ್ತಡ ಕುಸಿಯುತ್ತಿದೆ, ಹಾಗಾದರೆ ತುಂಬಿಸಬೇಕು. ಶ್ರೀಮಂತ ದೇಶಗಳ ಐಸಿಯುಗಳಲ್ಲಿ ಇದು ಪ್ರಶ್ನೆಯೇ ಇಲ್ಲದ ಮೊದಲ ಹೆಜ್ಜೆಯಾಗಿತ್ತು. ನಮ್ಮ ಊರುಗಳಲ್ಲಿ “ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಬಿಡಿ ಡಾಕ್ಟ್ರೇ” ಎಂದು ಮನೆಯವರು ಕೇಳಿಕೊಳ್ಳುವುದರ ಹಿಂದೆಯೂ ಇದೇ ನಂಬಿಕೆ ಇದೆ.

ಕೆನ್ಯಾದ ಕರಾವಳಿ ಪಟ್ಟಣ ಕಿಲಿಫಿಯಲ್ಲಿ ವರ್ಷಗಟ್ಟಲೆ ಮಕ್ಕಳ ವಾರ್ಡಿನಲ್ಲಿ ದುಡಿದ ವೈದ್ಯೆ ಕ್ಯಾಥರಿನ್ ಮೇಟ್‌ಲ್ಯಾಂಡ್ ಮತ್ತು ಸಂಗಡಿಗರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಕೆನ್ಯಾ, ಉಗಾಂಡ, ಟಾಂಜಾನಿಯಾಗಳ ಆರು ಆಸ್ಪತ್ರೆಗಳು ಅದರಲ್ಲಿ ಸೇರಿದವು. ಅಲ್ಲಿ ವೆಂಟಿಲೇಟರಿನಂಥ ಐಸಿಯು ಸೌಲಭ್ಯ ಇರಲಿಲ್ಲ. ಇಂಥ ಕಡೆ ಬೋಲಸ್ ಕೊಟ್ಟರೆ ಎಷ್ಟು ಮಕ್ಕಳು ಉಳಿಯುತ್ತಾರೆ ಎಂಬುದು ಪ್ರಶ್ನೆ. ‘ಫೀಸ್ಟ್’ ಎಂಬ ಹೆಸರಿನ ಆ ಪ್ರಯೋಗದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪಿಗೆ ಹಂಚಲಾಯಿತು. ಒಂದು ಗುಂಪಿಗೆ ಸಲೈನ್ ಬೋಲಸ್, ಇನ್ನೊಂದಕ್ಕೆ ಆಲ್ಬುಮಿನ್ ಬೋಲಸ್, ಮೂರನೆಯದಕ್ಕೆ ಬೋಲಸ್ ಇಲ್ಲ, ನಿಧಾನವಾಗಿ ಹನಿಯುವ ಡ್ರಿಪ್ ಮಾತ್ರ. ಆಂಟಿಬಯೋಟಿಕ್, ಮಲೇರಿಯಾ ಔಷಧ, ಆಮ್ಲಜನಕ, ಅಗತ್ಯವಿದ್ದರೆ ರಕ್ತ ಎಲ್ಲರಿಗೂ ಒಂದೇ ಸಮ.

ಒಟ್ಟು 3,600 ಮಕ್ಕಳನ್ನು ಸೇರಿಸಿಕೊಳ್ಳುವ ಯೋಜನೆಯಿತ್ತು. 3,141 ಮಕ್ಕಳು ಸೇರುವ ಹೊತ್ತಿಗೆ, 2011ರ ಜನವರಿಯಲ್ಲಿ, ಅಂಕಿಅಂಶಗಳ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿ ಪ್ರಯೋಗವನ್ನು ನಿಲ್ಲಿಸಿತು. ಬೋಲಸ್ ಪಡೆದ ಎರಡೂ ಗುಂಪುಗಳಲ್ಲಿ 48 ಗಂಟೆಯೊಳಗೆ ತೀರಿಕೊಂಡ ಮಕ್ಕಳು ನೂರಕ್ಕೆ ಹತ್ತಕ್ಕಿಂತ ಹೆಚ್ಚು: ಆಲ್ಬುಮಿನ್ ಗುಂಪಿನಲ್ಲಿ ಶೇ 10.6, ಸಲೈನ್ ಗುಂಪಿನಲ್ಲಿ ಶೇ 10.5. ಬೋಲಸ್ ಇಲ್ಲದ ಗುಂಪಿನಲ್ಲಿ ಶೇ 7.3. ಜೀವ ಉಳಿಸಲೆಂದು ಕೊಟ್ಟ ದ್ರವದಿಂದ ನೂರಕ್ಕೆ ಮೂವರು ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದರು.

ಈ ಫಲಿತಾಂಶಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು, ಎರಡು ವರ್ಷದ ನಂತರ ಅದೇ ತಂಡ ಪ್ರಕಟಿಸಿದ ವಿಶ್ಲೇಷಣೆ. ಬೋಲಸ್ ಕೊಟ್ಟು ಒಂದು ಗಂಟೆಯಾದಾಗ ನೋಡಿದರೆ, ಶಾಕ್‌ನ, ಅಂದರೆ ರಕ್ತಪರಿಚಲನೆ ಕುಗ್ಗಿದ ಲಕ್ಷಣಗಳು ಇಳಿದಿದ್ದ ಮಕ್ಕಳು ಬೋಲಸ್ ಪಡೆದವರಲ್ಲಿ ಶೇ 43, ಪಡೆಯದವರಲ್ಲಿ ಶೇ 32. ಅಂದರೆ ಉಗುರಿನ ಬಣ್ಣ ಮರಳುತ್ತಿತ್ತು, ನಾಡಿ ಗಟ್ಟಿಯಾಗುತ್ತಿತ್ತು. ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ಚಿಕಿತ್ಸೆ ಫಲಿಸುತ್ತಿರುವುದು ಕಣ್ಣಾರೆ ಕಾಣುತ್ತಿತ್ತು. ಆದರೆ ಅದೇ ಗುಂಪಿನ ಮಕ್ಕಳು ಗಂಟೆಗಳು ಕಳೆದಂತೆ ಹೃದಯ ಮತ್ತು ರಕ್ತಪರಿಚಲನೆ ಕುಸಿದು ಹೆಚ್ಚಾಗಿ ಸತ್ತರು. ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದೆಂದು ಮೊದಲು ಶಂಕಿಸಿದ್ದರು. ಹೆಚ್ಚುವರಿ ಸಾವುಗಳಿಗೆ ಅದು ಮುಖ್ಯ ಕಾರಣವಾಗಿರಲಿಲ್ಲ. ಅನುಭವಿ ವೈದ್ಯರು ತಮ್ಮ ಕಣ್ಣನ್ನೇ ನಂಬಿ ನಡೆದಿದ್ದರೆ ಈ ಹಾನಿ ಎಂದೆಂದಿಗೂ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಸಾಯುವ ಮಕ್ಕಳು ಎಲ್ಲ ವಾರ್ಡುಗಳಲ್ಲೂ ಇರುತ್ತಾರೆ. ಆ ಸಾವನ್ನು ರೋಗದ ಲೆಕ್ಕಕ್ಕೆ ಬರೆಯುವುದು ಸಹಜ. ಹೋಲಿಸಿ ನೋಡಲು ಇನ್ನೊಂದು ಗುಂಪು ಇದ್ದುದರಿಂದ ಮಾತ್ರ ಸತ್ಯ ಹೊರಬಂತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳನ್ನು ಈ ಪ್ರಯೋಗದಲ್ಲಿ ಸೇರಿಸಿಕೊಂಡಿರಲಿಲ್ಲ. ಅಂಥವರಿಗೆ ಒಆರ್‌ಎಸ್ ಮತ್ತು ಡ್ರಿಪ್ ಇಂದಿಗೂ ಜೀವರಕ್ಷಕ. ಫೀಸ್ಟ್ ಹೇಳಿದ್ದು ಸೋಂಕಿನ ಜ್ವರದಿಂದ ರಕ್ತಪರಿಚಲನೆ ಕುಗ್ಗಿದ, ಐಸಿಯು ಇಲ್ಲದ ಆಸ್ಪತ್ರೆಗಳ ಮಕ್ಕಳ ಬಗ್ಗೆ. ಆ ಮಕ್ಕಳ ಮಟ್ಟಿಗೆ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ನೇರವಾಗಿಯೇ ಹೇಳಿತು: ಐಸಿಯು ಸೌಲಭ್ಯವಿಲ್ಲದ ಕಡೆ, ರಕ್ತದೊತ್ತಡ ಕುಸಿಯದ ಮಕ್ಕಳಿಗೆ ಬೋಲಸ್ ಬೇಡ. ಫಲಿತಾಂಶ ಬಂದಿದ್ದು 2011ರಲ್ಲಿ ಎಂಬುದನ್ನು ನೆನಪಿಡಿ. ದೊಡ್ಡವರ ಬಗ್ಗೆಯೂ ಇಂಥದೇ ಉತ್ತರ ಜಾಂಬಿಯಾದ ರಾಜಧಾನಿ ಲುಸಾಕಾದಿಂದ 2017ರಲ್ಲಿ ಬಂತು. ಅಲ್ಲಿ ನಂಜೇರಿ ರಕ್ತದೊತ್ತಡ ಇಳಿದ, ಬಹುತೇಕ ಎಚ್‌ಐವಿ ಸೋಂಕಿತರಾದ ವಯಸ್ಕರಿಗೆ ಧಾರಾಳವಾಗಿ ದ್ರವ ಕೊಡುವ ಕ್ರಮವನ್ನು ಪರೀಕ್ಷಿಸಿದಾಗ, ಆ ಗುಂಪಿನಲ್ಲಿ ಶೇ 48 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಎಂದಿನ ಆರೈಕೆ ಪಡೆದವರಲ್ಲಿ ಶೇ 33.

ರೋಗಿ ಕಣ್ಣೆದುರು ಕುಸಿಯುತ್ತಿರುವಾಗ ವೈದ್ಯರಿಗಾಗಲಿ ಮನೆಯವರಿಗಾಗಲಿ ಸುಮ್ಮನೆ ಕೂರಲು ಆಗುವುದಿಲ್ಲ. ಅದು ತಪ್ಪಲ್ಲ, ಅದೇ ಮನುಷ್ಯತ್ವ. ಆದರೆ ಆ ತಳಮಳದಲ್ಲಿ ಕೊಟ್ಟ ಚಿಕಿತ್ಸೆ ನಿಜವಾಗಿ ನೆರವಾಯಿತೋ ಇಲ್ಲವೋ ಎಂಬುದನ್ನು ಅದೇ ತಳಮಳ ತೀರ್ಮಾನಿಸಲಾರದು. ನಾವಿದನ್ನು ಕೋವಿಡ್ ಕಾಲದಲ್ಲಿ ಕಂಡೆವು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ವಾಟ್ಸ್ಆ್ಯಪ್ ಗುಂಪುಗಳ ತುಂಬ, ಕೋವಿಡ್‌ನಿಂದ ಚೇತರಿಸಿಕೊಂಡ ಪ್ಲಾಸ್ಮಾ ದಾನಿಗಳಿಗಾಗಿ ಮೊರೆ. ಇಂಥ ರಕ್ತದ ಗುಂಪು, ಇಂಥ ಆಸ್ಪತ್ರೆ, ತುರ್ತು. ಗುರುತು ಪರಿಚಯ ಇಲ್ಲದವರು ರಾತ್ರೋರಾತ್ರಿ ಬೈಕ್ ಹತ್ತಿ ಹೋಗಿ ಪ್ಲಾಸ್ಮಾ ಕೊಟ್ಟರು. ಅವರ ಔದಾರ್ಯಕ್ಕೆ ಕೈಮುಗಿಯಬೇಕು. ಆದರೆ ಪ್ಲಾಸ್ಮಾದಿಂದ ಪ್ರಯೋಜನ ಇಲ್ಲವೆಂಬುದು ಅದಕ್ಕೆ ಆರು ತಿಂಗಳು ಮೊದಲೇ, ನಮ್ಮದೇ ದೇಶದಲ್ಲಿ ಗೊತ್ತಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ‘ಪ್ಲಾಸಿಡ್’ ಪ್ರಯೋಗದ ಫಲಿತಾಂಶ 2020ರ ಅಕ್ಟೋಬರಿನಲ್ಲಿ ಪ್ರಕಟವಾಗಿತ್ತು. ರೋಗ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಸರ್ಕಾರಿ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ 17ರಂದು. ಎರಡನೇ ಅಲೆ ನೆತ್ತಿಯ ಮೇಲಿದ್ದಾಗ, ಆಮ್ಲಜನಕದ ಹಾಸಿಗೆ ಹುಡುಕಬೇಕಿದ್ದ ಎಷ್ಟೋ ಕುಟುಂಬಗಳು ಪ್ಲಾಸ್ಮಾ ಹುಡುಕುತ್ತಾ ಗಂಟೆಗಳನ್ನು ಕಳೆದುಕೊಂಡವು. ಒಳ್ಳೆಯ ಪ್ರಯೋಗ ನಡೆದರಷ್ಟೇ ಸಾಲದು, ಅದರ ಮಾತನ್ನು ಕೇಳುವವರೂ ಇರಬೇಕು ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ಮಾತು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ಕಾಲದಲ್ಲಿ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ನೇತೃತ್ವದ ‘ರಿಕವರಿ’ ಪ್ರಯೋಗ 2020ರ ಮಾರ್ಚಿನಲ್ಲಿ ಶುರುವಾಗಿ ಜೂನ್ 16ಕ್ಕೇ ಒಂದು ಉತ್ತರ ಕೊಟ್ಟಿತು. ಪ್ರತಿ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಸ್ಟೆರಾಯ್ಡ್ ಡೆಕ್ಸಾಮೆಥಸೋನ್, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಈ ಎರಡನೇ ಅರ್ಧವನ್ನು ನಮ್ಮಲ್ಲಿ ಎಷ್ಟೋ ಜನ ಓದಲೇ ಇಲ್ಲ. ಜ್ವರ ಬಂದ ಮೊದಲ ದಿನವೇ ಸ್ಟೆರಾಯ್ಡ್ ನುಂಗಿದವರು ಊರೂರಿನಲ್ಲೂ ಇದ್ದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಪ್ಪು ಶಿಲೀಂಧ್ರ ಸೋಂಕು ಹೆಚ್ಚಲು ಅದೂ ಒಂದು ಕಾರಣವೆಂದು ವೈದ್ಯರು ಆಗಲೇ ಎಚ್ಚರಿಸಿದ್ದರು.

ಈಗ ಇನ್ನೊಂದು ವಾರ್ಡಿಗೆ ಹೋಗೋಣ. ಎಂಬತ್ತು ದಾಟಿದ ಅಜ್ಜಿ. ನಿನ್ನೆಯವರೆಗೆ ತಾನೇ ಸ್ನಾನ ಮಾಡಿ, ದೇವರಿಗೆ ಹೂವಿಟ್ಟು, ಟಿವಿ ಧಾರಾವಾಹಿ ನೋಡಿ ಮಲಗುತ್ತಿದ್ದವರು. ಇವತ್ತು ಮಗನನ್ನೇ ನೋಡಿ “ಯಾರಪ್ಪಾ ನೀನು?” ಅನ್ನುತ್ತಿದ್ದಾರೆ. ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎನ್ನುತ್ತಾರೆ, ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ಅಥವಾ ಇದಕ್ಕೆ ತದ್ವಿರುದ್ಧವಾಗಿ, ಮಾತಿಲ್ಲದೆ ಮುದುಡಿ ಮಲಗಿಬಿಡುತ್ತಾರೆ. ಮನೆಯವರು “ವಯಸ್ಸಾಯ್ತು, ಅರಳು ಮರಳು” ಅಂದುಕೊಳ್ಳುತ್ತಾರೆ. ಇದು ಅರಳು ಮರಳಲ್ಲ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ಬೆಳೆಯುತ್ತದೆ. ಒಂದೆರಡು ದಿನದಲ್ಲಿ ಹೀಗೆ ಬದಲಾದರೆ ಅದು ಸನ್ನಿ, ವೈದ್ಯರ ಮಾತಿನಲ್ಲಿ ಡಿಲೀರಿಯಂ. ವಯಸ್ಸಾದವರಲ್ಲಿ ನ್ಯುಮೋನಿಯಾ ಬಂದರೂ ಮೈ ಬಿಸಿಯಾಗದೆ ಇರಬಹುದು, ಕೆಮ್ಮೂ ಇಲ್ಲದಿರಬಹುದು. ತಲೆ ಗೊಂದಲವಾದದ್ದು, ನಡೆಯುವಾಗ ಬಿದ್ದದ್ದು, ಊಟ ಬಿಟ್ಟದ್ದು ಮಾತ್ರವೇ ಕುರುಹಾಗಿರಬಹುದು. ಈಗಾಗಲೇ ಡಿಮೆನ್ಷಿಯಾ ಇದ್ದವರಲ್ಲಿ ಸನ್ನಿ ಬೇಗ ಕಾಣಿಸಿಕೊಳ್ಳುತ್ತದೆ, ಬೇಗ ಗೊತ್ತೂ ಆಗುವುದಿಲ್ಲ.

ಸೋಂಕು ವಾಸಿಯಾದ ಮೇಲೂ ಮಿದುಳು ಪೂರ್ತಿ ಮೊದಲಿನಂತಾಗುವುದಿಲ್ಲ ಎಂಬ ಕಹಿಸತ್ಯವನ್ನು 2010ರಲ್ಲಿ ಅಮೆರಿಕದ ಅಧ್ಯಯನವೊಂದು ಮುಂದಿಟ್ಟಿತು. ತೀವ್ರ ನಂಜಿನಿಂದ ಬದುಕುಳಿದ ಹಿರಿಯರಲ್ಲಿ, ನೆನಪು ಮತ್ತು ಗ್ರಹಿಕೆ ಗಣನೀಯವಾಗಿ ಕುಂದಿದವರ ಪ್ರಮಾಣ ಆಸ್ಪತ್ರೆ ಸೇರುವ ಮುನ್ನ ಶೇ 6.1 ಇದ್ದದ್ದು, ಆಮೇಲೆ ಶೇ 16.7ಕ್ಕೆ ಏರಿತ್ತು. ಸೋಂಕು ಒಂದು ವಿಭಾಗದ ಕಾಯಿಲೆ, ಮರೆವು ಇನ್ನೊಂದು ವಿಭಾಗದ್ದು ಎಂದು ನಾವು ಹಾಕಿಕೊಂಡ ಗೆರೆ ರೋಗಿಯ ಮೈಯೊಳಗೆ ಇಲ್ಲ.

ಸನ್ನಿ ಹಿಡಿದ ಹಿರಿಯರು ಡ್ರಿಪ್ ಕಿತ್ತುಹಾಕುತ್ತಾರೆ, ಕೂಗಾಡುತ್ತಾರೆ. ಆಗ ಶಾಂತವಾಗಿಸಲು ಹ್ಯಾಲೊಪೆರಿಡಾಲ್‌ನಂಥ ಇಂಜೆಕ್ಷನ್ ಕೊಡುವುದು ಬಹುಕಾಲದ ರೂಢಿ. ಕೊಟ್ಟ ಸ್ವಲ್ಪ ಹೊತ್ತಿಗೆ ಸದ್ದಡಗುತ್ತದೆ, ಫಲಿಸಿತು ಎನ್ನಿಸುತ್ತದೆ. ಅಮೆರಿಕದ 16 ಆಸ್ಪತ್ರೆಗಳ ಐಸಿಯುಗಳಲ್ಲಿ ಸನ್ನಿ ಹಿಡಿದ 566 ರೋಗಿಗಳ ಮೇಲೆ ನಡೆದ ‘ಮೈಂಡ್-ಯುಎಸ್ಎ’ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಔಷಧ ಪಡೆದವರಿಗೂ ಬರಿಯ ಸಲೈನ್ ಪಡೆದವರಿಗೂ ಸನ್ನಿ ಬಿಡಲು ಹಿಡಿದ ಕಾಲದಲ್ಲಿ ಗುರುತಿಸುವಂಥ ವ್ಯತ್ಯಾಸ ಇರಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಆಸ್ಟ್ರೇಲಿಯದಲ್ಲಿ, ಕೊನೆಯ ಹಂತದ ಆರೈಕೆಯಲ್ಲಿದ್ದ ರೋಗಿಗಳಲ್ಲಿ ಇದೇ ವರ್ಗದ ಎರಡು ಔಷಧಗಳನ್ನು ಪರೀಕ್ಷಿಸಿದಾಗ, ಔಷಧ ಪಡೆದವರ ಸಂಕಟ ಪಡೆಯದವರಿಗಿಂತ ಹೆಚ್ಚೇ ಇತ್ತು.

ಹಾಗಾದರೆ ಯಾವುದು ಕೆಲಸ ಮಾಡಿತು? ಶ್ಯಾರನ್ ಇನೋಯೆ ಎಂಬ ವೈದ್ಯೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಆಸ್ಪತ್ರೆಯ ನರ್ಸಿಂಗ್ ವಿಭಾಗವೂ ಓದಬೇಕೆಂದು ನನ್ನ ಆಸೆ. ಅದರಲ್ಲಿದ್ದವರು ಎಪ್ಪತ್ತು ದಾಟಿದ 852 ರೋಗಿಗಳು. ಎರಡು ವಾರ್ಡುಗಳಲ್ಲಿ ಎಂದಿನ ಆರೈಕೆ. ಇನ್ನೊಂದರಲ್ಲಿ ಅದರ ಜೊತೆಗೆ ಕೆಲವು ಸಣ್ಣ ಕೆಲಸ: ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ, ನಿಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಬೋರ್ಡಿನ ಮೇಲೆ ಬರೆದು ದಿನವೂ ಓದಿ ಹೇಳುವುದು, ಕನ್ನಡಕ ಹಾಕುವುದು, ಕಿವಿಯ ಯಂತ್ರ ಕೊಡುವುದು, ಹಾಸಿಗೆಯಿಂದ ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು ಬೆನ್ನು ನೀವುವುದು. ಸನ್ನಿ ಹಿಡಿದವರು ಎಂದಿನ ಆರೈಕೆಯ ವಾರ್ಡುಗಳಲ್ಲಿ ಶೇ 15, ಈ ವಾರ್ಡಿನಲ್ಲಿ ಶೇ 9.9. ನಮ್ಮಲ್ಲಿ ರೋಗಿಯನ್ನು ಐಸಿಯುಗೆ ಸೇರಿಸುವಾಗ ಮೊದಲು ಏನು ಮಾಡುತ್ತಾರೆ? ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ, ಉಂಗುರ ಎಲ್ಲ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮನೆಯವರ ಕೈಗೆ ಕೊಡುತ್ತಾರೆ. ಕಳೆದುಹೋಗದಿರಲಿ ಎಂಬ ಕಾಳಜಿ ಅದು. ಆದರೆ ಕಣ್ಣು ಮಂಜಾಗಿ ಕಿವಿ ಕೇಳಿಸದೆ, ಹಗಲು ರಾತ್ರಿ ಒಂದೇ ಬೆಳಕಿನಲ್ಲಿ ಮಲಗಿದ ಮುದಿಜೀವಕ್ಕೆ ತಾನೆಲ್ಲಿದ್ದೇನೆಂಬುದು ತಿಳಿಯುವುದಾದರೂ ಹೇಗೆ?

ಡಿಮೆನ್ಷಿಯಾ ಇರುವವರ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಲಿಸುವುದು ಮರೆವಲ್ಲ. ಸಂಜೆಯಾಗುತ್ತಿದ್ದಂತೆ ಶುರುವಾಗುವ ಚಡಪಡಿಕೆ. ತಮ್ಮ ಮನೆಯಲ್ಲೇ ಕೂತು “ಮನೆಗೆ ಹೋಗ್ತೀನಿ, ಬಾಗಿಲು ತೆಗಿ” ಎನ್ನುವುದು. ನನ್ನ ದುಡ್ಡು ಕದ್ದರೆಂದು ಸೊಸೆಯ ಮೇಲೆ ಆಪಾದನೆ. ಸ್ನಾನ ಮಾಡಿಸಲು ಹೋದರೆ ಹೊಡೆತ. ತಿಂಗಳಾನುಗಟ್ಟಲೆ ನಿದ್ದೆಗೆಟ್ಟ ಮಗಳೋ ಸೊಸೆಯೋ ವೈದ್ಯರ ಮುಂದೆ ಕೂತು “ರಾತ್ರಿ ಒಂದಷ್ಟು ಹೊತ್ತು ಮಲಗೋ ಹಾಗೆ ಏನಾದ್ರೂ ಕೊಡಿ” ಎಂದು ಕೇಳಿದರೆ ಅವರನ್ನು ಯಾರೂ ತಪ್ಪೆನ್ನಲಾಗದು. ವೈದ್ಯರು ರಿಸ್ಪೆರಿಡೋನ್, ಓಲಾಂಜಪೀನ್ ಅಥವಾ ಕ್ವೆಟಿಯಾಪೀನ್ ಬರೆಯುತ್ತಾರೆ. ಇವು ಸ್ಕಿಜೋಫ್ರೇನಿಯಾಕ್ಕೆಂದು ಬಂದ ಔಷಧಗಳು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಈ ಬಗೆಯ ಔಷಧಗಳನ್ನು ಡಿಮೆನ್ಷಿಯಾ ರೋಗಿಗಳಿಗೆ ಕೊಟ್ಟ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಸುಮಾರು ಹತ್ತು ವಾರಗಳ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ 4.5 ಮಂದಿ ತೀರಿಕೊಂಡಿದ್ದರು. ಹುಸಿಮಾತ್ರೆ ಪಡೆದವರಲ್ಲಿ ಶೇ 2.6. ಔಷಧದ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದದ್ದು ಆಗ. ಹೆಚ್ಚಿನವರು ಸತ್ತದ್ದು ಹೃದಯದ ತೊಂದರೆಯಿಂದ ಇಲ್ಲವೇ ನ್ಯುಮೋನಿಯಾದಂಥ ಸೋಂಕಿನಿಂದ. ಮಂಪರಿನಲ್ಲಿರುವ ಹಿರಿಯರಿಗೆ ನುಂಗುವುದು ಕಷ್ಟ. ಆಹಾರ, ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು. ಶಾಂತವಾಗಲೆಂದು ಕೊಟ್ಟ ಮಾತ್ರೆ ಮತ್ತೆ ತೀವ್ರ ಸೋಂಕಿನ ಬಾಗಿಲಿಗೇ ತಂದು ನಿಲ್ಲಿಸಬಹುದು. 2009ರಲ್ಲಿ ಬ್ರಿಟನ್ನಿನ ಕ್ಲೈವ್ ಬಲ್ಲಾರ್ಡ್ ಮತ್ತು ಸಂಗಡಿಗರು ಇನ್ನೂ ದೀರ್ಘಾವಧಿಯ ಉತ್ತರ ಕೊಟ್ಟರು. ಈ ಔಷಧ ಸೇವಿಸುತ್ತಿದ್ದ ಆರೈಕೆ ಕೇಂದ್ರಗಳ 165 ಮಂದಿಯಲ್ಲಿ ಅರ್ಧ ಜನರಿಗೆ ಅದನ್ನು ಮುಂದುವರಿಸಿ, ಉಳಿದವರಿಗೆ ಹುಸಿಮಾತ್ರೆಗೆ ಬದಲಾಯಿಸಿದ್ದರು. ಎರಡು ವರ್ಷದ ನಂತರ ಬದುಕಿದ್ದವರು ಔಷಧ ಮುಂದುವರಿಸಿದವರಲ್ಲಿ ಶೇ 46, ನಿಲ್ಲಿಸಿದವರಲ್ಲಿ ಶೇ 71.

ಕಿಲಿಫಿಯ ಮಗುವಿನ ಉಗುರು ಕೆಂಪಾದದ್ದು ಎಷ್ಟು ನಿಜವೋ ಈ ಹಿರಿಯರು ರಾತ್ರಿ ಸುಮ್ಮನಾದದ್ದೂ ಅಷ್ಟೇ ನಿಜ. ಎರಡೂ ಕಡೆ ಕಣ್ಣಿಗೆ ಕಂಡದ್ದೊಂದು, ಆದದ್ದು ಇನ್ನೊಂದು. ಹಾಗೆಂದು ಈ ಔಷಧಗಳನ್ನು ಎಂದೂ ಕೊಡಬಾರದು ಎಂದಲ್ಲ. ರೋಗಿ ತನ್ನನ್ನೇ ಗಾಯಗೊಳಿಸಿಕೊಳ್ಳುವ, ಇತರರಿಗೆ ಅಪಾಯವಾಗುವ ಸ್ಥಿತಿಯಲ್ಲಿ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲ ಕೊಡಬೇಕಾಗಬಹುದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ತಾವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಎಚ್ಚರಿಕೆ ಬಂದ ಮೇಲೆ ವೈದ್ಯರು ಸುರಕ್ಷಿತವೆನಿಸಿದ ಬೇರೆ ಔಷಧಗಳತ್ತ ಹೊರಳಿದರು. ಖಿನ್ನತೆಗೆ ಕೊಡುವ ಮಿರ್ಟಜಪೀನ್ ಅವುಗಳಲ್ಲೊಂದು. ಅದನ್ನೂ ಪರೀಕ್ಷಿಸಬೇಕೆಂದು ಹೊರಟವರು ಬ್ರಿಟನ್ನಿನ ಮನೋವೈದ್ಯ ಸುಬೆ ಬ್ಯಾನರ್ಜಿ. ಅಲ್ಜೈಮರ್ ಕಾಯಿಲೆಯ ಜೊತೆಗೆ ಚಡಪಡಿಕೆಯಿದ್ದ 204 ಮಂದಿಯ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ನಂತರ ಮಿರ್ಟಜಪೀನ್‌ಗೂ ಹುಸಿಮಾತ್ರೆಗೂ ವ್ಯತ್ಯಾಸವಿರಲಿಲ್ಲ. ಹದಿನಾರನೇ ವಾರದ ಹೊತ್ತಿಗೆ ಔಷಧದ ಗುಂಪಿನಲ್ಲಿ ಏಳು ಮಂದಿ, ಇನ್ನೊಂದರಲ್ಲಿ ಒಬ್ಬರು ತೀರಿಕೊಂಡಿದ್ದರು. ಸಂಖ್ಯೆ ಚಿಕ್ಕದಾದ್ದರಿಂದ ಔಷಧವೇ ಕಾರಣ ಎನ್ನಲಾಗದು. ಆದರೆ ಲಾಭವೇ ಕಾಣದ ಔಷಧಕ್ಕೆ ಅಷ್ಟು ಅನುಮಾನವೇ ಸಾಕು.

ಈ ನಿರಾಶೆಗಳ ನಡುವೆ ನಾರ್ವೆಯ ಒಂದು ಪ್ರಯೋಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬೆಟ್ಟಿನಾ ಹುಸೆಬೊ ಅವರ ತಂಡ ಪಶ್ಚಿಮ ನಾರ್ವೆಯ 18 ವೃದ್ಧಾಶ್ರಮಗಳಲ್ಲಿದ್ದ, ಮಧ್ಯಮದಿಂದ ತೀವ್ರ ಹಂತದ ಡಿಮೆನ್ಷಿಯಾದ ಜೊತೆಗೆ ರೇಗಾಟ, ಚಡಪಡಿಕೆಯಿದ್ದ 352 ಮಂದಿಯನ್ನು ತೆಗೆದುಕೊಂಡಿತು. ಅವರು ಕೇಳಿದ್ದು ಇಷ್ಟೇ: ಇವರಿಗೆ ಎಲ್ಲಾದರೂ ನೋವಿದ್ದು, ಅದನ್ನು ಹೇಳಲು ಮಾತು ಸಿಗದೆ ಹೀಗೆ ಮಾಡುತ್ತಿರಬಹುದೇ? ಒಂದು ಗುಂಪಿಗೆ ಹಂತಹಂತವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಬಹುಪಾಲು ಜನರಿಗೆ ಕೊಟ್ಟದ್ದು ಪ್ಯಾರಾಸಿಟಮಾಲ್ ಮಾತ್ರ. ಎಂಟು ವಾರಗಳಲ್ಲಿ ಚಡಪಡಿಕೆ ಸರಾಸರಿ ಶೇ 17ರಷ್ಟು ಇಳಿಯಿತು. 2011ರಲ್ಲಿ ಈ ಫಲಿತಾಂಶ ಬಂತು. ಫೀಸ್ಟ್ ಬಂದ ವರ್ಷವೇ. ಮಂಡಿ ಸವೆದ ಅಜ್ಜ, ಹಲ್ಲು ಹುಳುಕಾದ ಅಜ್ಜಿ, ನಾಲ್ಕು ದಿನದಿಂದ ಮಲಬದ್ಧತೆಯಿಂದ ಒದ್ದಾಡುತ್ತಿರುವವರು “ನೋವು” ಎನ್ನಲಾರದೆ ಕೈ ಎತ್ತಿದರೆ ನಾವು ಅದನ್ನು ಕಾಯಿಲೆಯ ಹುಚ್ಚಾಟ ಎಂದುಕೊಂಡು ಮಂಪರು ಬರಿಸುತ್ತೇವೆ. ಸ್ನಾನಕ್ಕೆಂದು ತೋಳು ಎತ್ತಿದಾಗ ಮುಖ ಕಿವುಚಿದರೆ, ಮಗ್ಗುಲು ಬದಲಿಸುವಾಗ ನರಳಿದರೆ, ಮೊದಲು ನೋಡಬೇಕಾದದ್ದು ಆ ತೋಳನ್ನು, ಆ ಸೊಂಟವನ್ನು.

ಇದರ ಮಗ್ಗುಲಲ್ಲೇ ಇನ್ನೊಂದು ಅಪಾಯವೂ ಇದೆ. ಹಿರಿಯರು ಗೊಂದಲಗೊಂಡ ತಕ್ಷಣ ಮೂತ್ರ ಪರೀಕ್ಷೆ ಮಾಡಿಸಿ, ಬ್ಯಾಕ್ಟೀರಿಯಾ ಕಂಡಿತೆಂದು ಆಂಟಿಬಯೋಟಿಕ್ ಕೊಡುವುದು. ಆರೈಕೆ ಕೇಂದ್ರಗಳಲ್ಲಿರುವ ವೃದ್ಧೆಯರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನರ ಮೂತ್ರದಲ್ಲಿ ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತದೆ. ಉರಿಮೂತ್ರ, ಜ್ವರದಂಥ ಲಕ್ಷಣಗಳಿಲ್ಲದಿದ್ದರೆ ಆಂಟಿಬಯೋಟಿಕ್ ಕೊಡದೆ ಬೇರೆ ಕಾರಣ ಹುಡುಕಿ, ಎಚ್ಚರದಿಂದ ಗಮನಿಸಿ ಎಂದು ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲಿ ಹೇಳಿದೆ.

ಸೋಂಕಿಗೂ ಡಿಮೆನ್ಷಿಯಾಕ್ಕೂ ಇರುವ ನಂಟು ಈಗ ಹೊಸ ಕುತೂಹಲ ಹುಟ್ಟಿಸಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ 2013ರ ಸೆಪ್ಟೆಂಬರಿನಲ್ಲಿ ಸರ್ಪಸುತ್ತಿನ ಲಸಿಕೆ ಶುರುವಾದಾಗ ಸರ್ಕಾರ ಒಂದು ಗೆರೆ ಎಳೆಯಿತು: 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಗಬಹುದು, ಅದಕ್ಕೆ ಮುಂಚೆ ಹುಟ್ಟಿದವರಿಗೆ ಇಲ್ಲ. ಒಂದು ವಾರ ಹಿಂದೆ ಮುಂದೆ ಹುಟ್ಟಿದವರಲ್ಲಿ ಆರೋಗ್ಯ, ಅಭ್ಯಾಸ, ಆದಾಯದಲ್ಲಿ ವ್ಯತ್ಯಾಸ ಇರಲು ಕಾರಣವಿಲ್ಲ. ಯಾರೂ ಯೋಜಿಸದೆ ಒಂದು ಪ್ರಯೋಗ ತಾನಾಗಿ ನಡೆದುಹೋಗಿತ್ತು. ಪಾಸ್ಕಲ್ ಗೆಲ್ಡ್‌ಸೆಟ್ಜರ್ ತಂಡ ಆ ದಾಖಲೆಗಳನ್ನು ತೆಗೆದು ನೋಡಿ 2025ರಲ್ಲಿ ವರದಿ ಮಾಡಿತು: ಏಳು ವರ್ಷಗಳಲ್ಲಿ, ಲಸಿಕೆ ಹಾಕಿಸಿಕೊಂಡವರಲ್ಲಿ ಹೊಸದಾಗಿ ಡಿಮೆನ್ಷಿಯಾ ಪತ್ತೆಯಾಗುವುದು ಐದನೇ ಒಂದರಷ್ಟು ಕಡಿಮೆ.

ಹಾಗಾದರೆ ಸರ್ಪಸುತ್ತಿನ ವೈರಾಣುವೂ ಸೇರಿರುವ ಹರ್ಪಿಸ್ ಗುಂಪಿನ ವೈರಾಣುಗಳನ್ನು ಅಡಗಿಸುವ ಮಾತ್ರೆ ಕೊಟ್ಟರೆ ಅಲ್ಜೈಮರ್ ನಿಧಾನವಾದೀತಲ್ಲ? ತರ್ಕ ಮತ್ತೆ ಸರಿಯಾಗಿಯೇ ಕಾಣುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡಿ. ಪಿ. ದೇವಾನಂದ್ ಅವರ ತಂಡ ಆರಂಭಿಕ ಹಂತದ 120 ರೋಗಿಗಳಲ್ಲಿ ವ್ಯಾಲಸೈಕ್ಲೊವಿರ್ ಮಾತ್ರೆಯನ್ನು ಒಂದೂವರೆ ವರ್ಷ ಪರೀಕ್ಷಿಸಿ 2025ರಲ್ಲೇ ಫಲಿತಾಂಶ ಹೇಳಿತು. ಮಾತ್ರೆ ಕಾಯಿಲೆಯನ್ನು ನಿಧಾನಗೊಳಿಸಲಿಲ್ಲ. ನೆನಪಿನ ಮುಖ್ಯ ಪರೀಕ್ಷೆಯಲ್ಲಿ ಮಾತ್ರೆ ಪಡೆದವರೇ ಹೆಚ್ಚು ಹಿಂದೆ ಬಿದ್ದಿದ್ದರು. ಲಸಿಕೆಯ ಸುದ್ದಿ ಓದಿ ಯಾರಾದರೂ ತಾವಾಗಿ ಈ ಮಾತ್ರೆ ಶುರುಮಾಡಿದ್ದರೆ ಅದರಿಂದ ನಷ್ಟವೇ ಆಗುತ್ತಿತ್ತು. ಆಶಾದಾಯಕವಲ್ಲದ ಫಲಿತಾಂಶವನ್ನೂ ಮುಚ್ಚಿಡದೆ ಹೇಳಿದ ಇಂಥ ಸಂಶೋಧಕರಿಗೆ ನಾವು ಋಣಿಗಳು.

ಇನ್ನು ನಮ್ಮ ಮಾತು. ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಇವರಲ್ಲಿ ಬಹುತೇಕರು ಇರುವುದು ಮನೆಗಳಲ್ಲಿ. ಹಿರಿಯರ ಬಗ್ಗೆ ಮೇಲೆ ಹೇಳಿದ ಅಂಕಿಗಳೋ ಬಹುಪಾಲು ಅಮೆರಿಕ, ಬ್ರಿಟನ್, ನಾರ್ವೆಗಳ ಆಸ್ಪತ್ರೆ, ಆರೈಕೆ ಕೇಂದ್ರಗಳವು. ನಡುಮನೆಯಲ್ಲಿ ಮೊಮ್ಮಕ್ಕಳ ಗಲಾಟೆಯ ನಡುವೆ, ಸೊಸೆಯೊಬ್ಬಳ ಆರೈಕೆಯಲ್ಲಿ ಬದುಕುವ ನಮ್ಮ ಅಜ್ಜಿಗೆ ಯಾವ ಕ್ರಮ ಒಗ್ಗುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ತಿಳಿಯಬೇಕು. ಆ ದಾರಿಯಲ್ಲಿ ಒಂದು ದೊಡ್ಡ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಗಮನಿಸುವ ಗುರಿ ಇಟ್ಟುಕೊಂಡಿದೆ. ಇದು ಚಿಕಿತ್ಸೆಯ ಪ್ರಯೋಗವಲ್ಲ. ನಮ್ಮ ಗ್ರಾಮೀಣ ಜನರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ತಿಳಿಯುವ ಕೆಲಸ. ಆದರೆ ಅದಿಲ್ಲದೆ ಮುಂದಿನ ಪ್ರಯೋಗಗಳಿಗೆ ಬುನಾದಿ ಇಲ್ಲ.

ನಂಜೇರಿದ ಮಗು, ಮರೆವಿನ ಹಿರಿಯರು, ಇಬ್ಬರೂ ತಾವಾಗಿ ಒಪ್ಪಿಗೆ ಕೊಡಲಾರರು. ಆ ಕಾರಣಕ್ಕೆ ಅವರನ್ನು ಪ್ರಯೋಗದಿಂದ ದೂರವಿಡುವುದೇ ರಕ್ಷಣೆ ಎಂದು ಬಹುಕಾಲ ನಂಬಿದ್ದೆವು. ದೂರವಿಟ್ಟದ್ದರಿಂದ ಆದದ್ದೇನು? ಪರೀಕ್ಷೆಯೇ ಆಗದ ಚಿಕಿತ್ಸೆಯನ್ನು, ಯಾವ ಮೇಲ್ವಿಚಾರಣೆಯೂ ಇಲ್ಲದೆ, ಲಕ್ಷಾಂತರ ಜನರಿಗೆ ರೂಢಿಯ ಹೆಸರಿನಲ್ಲಿ ಕೊಟ್ಟೆವು. ಫೀಸ್ಟ್‌ನ ತಂಡ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಮಗು ಸಾವು ಬದುಕಿನ ನಡುವೆ ಇದ್ದಾಗ ತಾಯಿಗೆ ಪುಟಗಟ್ಟಲೆ ಕಾಗದ ಓದಿ ಹೇಳುವ ಬದಲು, ಮೊದಲು ಚುಟುಕಾಗಿ ವಿವರಿಸಿ ಬಾಯಿಮಾತಿನ ಒಪ್ಪಿಗೆ ಪಡೆದು, ಮಗುವಿನ ಸ್ಥಿತಿ ಒಂದು ಹದಕ್ಕೆ ಬಂದ ಮೇಲೆ ಪೂರ್ತಿ ವಿಷಯ ತಿಳಿಸಿ ಲಿಖಿತ ಒಪ್ಪಿಗೆ ಕೇಳಿದರು. ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ರೋಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ಕಾನೂನು ಒಪ್ಪುವ ಪ್ರತಿನಿಧಿ ಕೊಡಬಹುದು; ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ನಡೆಯುವ ಪ್ರತಿ ಪ್ರಯೋಗವೂ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು.

ಆದ್ದರಿಂದ ನಿಮ್ಮ ಮನೆಯವರನ್ನು ಇಂಥ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆಂದು ಆಸ್ಪತ್ರೆಯವರು ಕೇಳಿದರೆ, “ನಮ್ಮೋರೇನು ಪ್ರಯೋಗಪಶುವಾ?” ಎಂದು ಎದ್ದು ಬರಬೇಡಿ. ನೋಂದಣಿ ಸಂಖ್ಯೆ ಕೇಳಿ. ನೈತಿಕ ಸಮಿತಿ ಒಪ್ಪಿದೆಯೇ, ಇನ್ನೊಂದು ಗುಂಪಿಗೆ ಏನು ಕೊಡುತ್ತೀರಿ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಮಧ್ಯದಲ್ಲಿ ಬಿಟ್ಟರೆ ಚಿಕಿತ್ಸೆ ನಿಲ್ಲುತ್ತದೆಯೇ ಎಂದು ಕೇಳಿ. ಉತ್ತರ ಕನ್ನಡದಲ್ಲಿ, ನಿಮಗೆ ಅರ್ಥವಾಗುವ ಹಾಗೆ ಸಿಗಬೇಕು. ಸಮಾಧಾನವಾದರೆ ಒಪ್ಪಿ, ಇಲ್ಲದಿದ್ದರೆ ಒಪ್ಪಬೇಡಿ. ಎರಡೂ ನಿಮ್ಮ ಹಕ್ಕು.

ಮನೆಯ ಹಿರಿಯರು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಯಾವಾಗಿನಿಂದ ಬದಲಾದರು, ಊಟ, ಮೂತ್ರ, ಮಲ, ನಿದ್ದೆ ಹೇಗಿದೆ, ಹೊಸ ಮಾತ್ರೆ ಯಾವುದು ಎಂದು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಆಸ್ಪತ್ರೆಗೆ ಸೇರಿಸಿದರೆ ಕನ್ನಡಕ ಮತ್ತು ಕಿವಿಯ ಯಂತ್ರ ಅವರ ಬಳಿಯೇ ಇರಲೆಂದು ನರ್ಸ್ ಹತ್ತಿರ ಕೇಳಿಕೊಳ್ಳಿ. ಚಡಪಡಿಕೆಗೆ ಮಾತ್ರೆ ಬರೆದುಕೊಟ್ಟರೆ ಎಷ್ಟು ದಿನಕ್ಕೆ ಎಂದು ಅಲ್ಲೇ ಕೇಳಿ, ಆರು ವಾರದೊಳಗೆ ಅದೇ ಚೀಟಿಯನ್ನು ಮತ್ತೆ ವೈದ್ಯರ ಮುಂದಿಟ್ಟು, ಇದನ್ನು ಇನ್ನೂ ಮುಂದುವರಿಸಬೇಕೇ ಎಂದು ಕೇಳಿ.